ಅಲುಗುವ ಕನ್ನಡಿ, ಅಳಿಸಿಹೋಗುವ ಹಿಂಬದಿ

ಬ್ರೇಕು ಸಡಿಲವಾದರೆ ನಾವು ಅಂದೇ ಗ್ಯಾರೇಜಿಗೆ ಧಾವಿಸುತ್ತೇವೆ. ಹಾರನ್ ಕೆಟ್ಟರಂತೂ ಅರ್ಧ ದಿನವೂ ತಾಳುವುದಿಲ್ಲ. ಆದರೆ ಕಾರಿನ ಮುಂಗಾಜಿನ ನೆತ್ತಿಯಲ್ಲಿ ಕಟಕಟ ಸದ್ದು ಮಾಡುತ್ತ ನಡುಗುವ ಹಿನ್ನೋಟದ ಕನ್ನಡಿಗೆ ತಿಂಗಳುಗಟ್ಟಲೆ ವಿನಾಯಿತಿ. ‘ಬಿಡಿ ಸಾರ್, ಕನ್ನಡಿ ಅಲ್ಲಾಡಿದರೆ ಗಾಡಿ ಓಡೋದಿಲ್ಲವಾ?’ ಎಂಬುದು ತುಮಕೂರಿನ ನಮ್ಮ ಸದಾಶಿವನಗರದಲ್ಲಿ ನಾನು ಪದೇ ಪದೇ ಕೇಳಿರುವ ಮಾತು. ಗಾಡಿ ಓಡುತ್ತದೆ, ನಿಜ. ಹಿಂದೆ ಬರುತ್ತಿರುವವರ ಗತಿಯೇನು ಎಂಬುದಷ್ಟೇ ನನ್ನ ಪ್ರಶ್ನೆ.

ಶಾಲೆಯಲ್ಲಿ ಓದಿದ ಬೆಳಕಿನ ಪಾಠವನ್ನು ನೆನೆದರೆ ಉತ್ತರ ಸಿಗುತ್ತದೆ. ಕನ್ನಡಿ 1 ಡಿಗ್ರಿ ತಿರುಗಿದರೆ ಅದರಿಂದ ಪ್ರತಿಫಲಿಸುವ ಕಿರಣ 2 ಡಿಗ್ರಿ ತಿರುಗುತ್ತದೆ. ಕಾರಿನ 50 ಮೀಟರ್ ಹಿಂದೆ ಇದು ಸುಮಾರು 1.7 ಮೀಟರ್‌ಗಳ ವ್ಯತ್ಯಾಸವಾಗಿ ಬೆಳೆಯುತ್ತದೆ; ಎರಡು ಬೈಕುಗಳು ಅಕ್ಕಪಕ್ಕ ಸಾಗುವಷ್ಟು ಅಗಲ. ಕಣ್ಣಿಗೆ ಬೀಳದಷ್ಟು ಸಣ್ಣ ನಡುಕವೂ ಹಿಂದಿನ ಸವಾರನನ್ನು ಮಸುಕು ಗೀಟಾಗಿಸಬಲ್ಲದು. ರಾತ್ರಿಯಲ್ಲಿ ಒಂದು ದೀಪ ಎರಡಾಗಿ, ಎರಡು ದೀಪ ಬೆಳಕಿನ ಪಟ್ಟಿಯಾಗಿ ಕಾಣುತ್ತದೆ. ಬರುತ್ತಿರುವುದು ಸ್ಕೂಟರೋ ಲಾರಿಯೋ, ಎಷ್ಟು ಹತ್ತಿರವಿದೆ ಎಂಬುದೇ ತಿಳಿಯುವುದಿಲ್ಲ. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಮಸುಕಾದ ಕನ್ನಡಿಯನ್ನು ನೋಡಿ ಪ್ರಯೋಜನವಿಲ್ಲವೆಂದು ಕಣ್ಣು ಬಹುಬೇಗ ಕಲಿತುಬಿಡುತ್ತದೆ.

ಈ ಅಲುಗಾಟ ಕನ್ನಡಿಯಷ್ಟೇ ಹಳೆಯದು. 1911ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿಗಳ ಮೊದಲ ಓಟದ ಸ್ಪರ್ಧೆ ನಡೆಯಿತು. ಉಳಿದ ಕಾರುಗಳಲ್ಲಿ ಹಿಂದೆ ಬರುವವರನ್ನು ಗಮನಿಸಿ ಹೇಳಲು ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ ಕುಳಿತಿದ್ದರೆ, ರೇ ಹ್ಯಾರೌನ್ ಒಬ್ಬನೇ ಇದ್ದ. ಆಕ್ಷೇಪ ಬಂದಾಗ ಆತ ತನ್ನ ಕಾರಿಗೆ ಒಂದು ಕನ್ನಡಿ ಬಿಗಿಸಿಕೊಂಡ, ಗೆದ್ದೂ ಬಿಟ್ಟ. ಹಿನ್ನೋಟದ ಕನ್ನಡಿಯ ಚರಿತ್ರೆ ಈ ಗೆಲುವನ್ನು ಹೆಮ್ಮೆಯಿಂದ ನೆನೆಯುತ್ತದೆ. ಆದರೆ ಇಟ್ಟಿಗೆ ಹಾಸಿದ ಆ ಓಟದ ಹಾದಿಯಲ್ಲಿ ಕನ್ನಡಿ ಎಷ್ಟು ನಡುಗಿತೆಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲವೆಂದು ಹ್ಯಾರೌನನೇ ಮುಂದೆ ಒಪ್ಪಿಕೊಂಡಿದ್ದಾನೆ.

ಅವನಿಗೆ ಇಟ್ಟಿಗೆಗಳಿದ್ದವು, ನಮಗೆ ರಸ್ತೆಯ ಉಬ್ಬುಗಳಿವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿರಬೇಕಿತ್ತು. ಬಡಾವಣೆಯ ತಿರುವುಗಳಲ್ಲಿ ನಾವು ಹತ್ತಿಳಿಯುವುದು ಗೇಣಗಲದ ದಿಬ್ಬಗಳನ್ನು. ಇವುಗಳ ಕುಕ್ಕಾಟಕ್ಕೆ ಬಿಸಿಲಲ್ಲಿ ನಿಂತ ಕಾರಿನೊಳಗಿನ ಕಾವು ಸೇರಿದರೆ ಕನ್ನಡಿಯ ಪ್ಲಾಸ್ಟಿಕ್ ಕೀಲು ಸಡಿಲವಾಗುವುದರಲ್ಲಿ ಆಶ್ಚರ್ಯವೇನಿದೆ? ಸಾಲದ್ದಕ್ಕೆ ನಾವು ಅದಕ್ಕೆ ಮಣಿಸರ, ಗೊಂಬೆ, ಒಣಗಿದ ಹೂವಿನ ಹಾರಗಳನ್ನೂ ತೂಗುಹಾಕುತ್ತೇವೆ.

ದುರಸ್ತಿ ಮಾತ್ರ ಬಹುಪಾಲು ಸುಲಭ. ಎಂಜಿನ್ ಚಾಲೂ ಮಾಡಿ, ಕಾರು ನಿಂತಲ್ಲೇ ಇರುವಾಗ, ಕನ್ನಡಿಯ ಚೌಕಟ್ಟನ್ನೂ ಅದನ್ನು ಹಿಡಿದ ತೋಳನ್ನೂ ಬುಡವನ್ನೂ ಒಂದೊಂದಾಗಿ ಬೆರಳಿನಿಂದ ಒತ್ತಿ ಹಿಡಿಯಬೇಕು. ಎಲ್ಲಿ ಹಿಡಿದಾಗ ಸದ್ದು ನಿಲ್ಲುತ್ತದೋ ದೋಷ ಅಲ್ಲಿದೆ. ಬುಡ ಸಡಿಲವಾಗಿದ್ದರೆ ಅಲ್ಲಿರುವ ಸಣ್ಣ ಸ್ಕ್ರೂವನ್ನು ತಕ್ಕ ಅಲೆನ್ ಕೀಯಿಂದ ಹದವಾಗಿ ಬಿಗಿದರೆ ಸಾಕು. ಅತಿಯಾಗಿ ಬಿಗಿದರೆ ಗಾಜು ಸೀಳಬಹುದು. ಕೆಲವು ಕಾರುಗಳಲ್ಲಿ ಬುಡವನ್ನು ಚಾವಣಿಗೇ ಸ್ಕ್ರೂ ಹಾಕಿ ನಿಲ್ಲಿಸಿರುತ್ತಾರೆ.

ಗಾಜಿಗೆ ಅಂಟಿಸಿದ ಲೋಹದ ಬಿಲ್ಲೆಯೇ ಕಳಚಿದ್ದರೆ, ಅದರ ಜಾಗವನ್ನು ಮುಂಗಾಜಿನ ಹೊರಗಿನಿಂದ ಗುರುತು ಮಾಡಿಕೊಂಡು, ಗಾಜಿನ ಮೇಲಿನ ಹಳೆಯ ಅಂಟನ್ನು ಬ್ಲೇಡಿನಿಂದಲೂ ಬಿಲ್ಲೆಯದನ್ನು ಎಮರಿ ಪೇಪರಿನಿಂದಲೂ ತೆಗೆದು, ಎರಡನ್ನೂ ಸ್ಪಿರಿಟ್‌ನಿಂದ ಒರೆಸಬೇಕು. ಹಿನ್ನೋಟದ ಕನ್ನಡಿಗೆಂದೇ ಮಾರುವ ಅಂಟು ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯಲ್ಲಿರುವ ದಿಢೀರ್ ಅಂಟು ಕಾವಿಗೂ ಕುಲುಕಾಟಕ್ಕೂ ಬಹುಕಾಲ ಬಾಳುವುದಿಲ್ಲ. ನೆರಳಿನಲ್ಲಿ ಅಂಟಿಸಿ, ಒಂದು ದಿನ ಬಿಟ್ಟು ಕನ್ನಡಿ ಏರಿಸುವುದು ಕ್ಷೇಮ. ಕೀಲೇ ಸವೆದಿದ್ದರೆ ಕನ್ನಡಿಯನ್ನೇ ಬದಲಿಸುವುದು ಲೇಸು. ಹೊಸ ಕಾರುಗಳ ಕನ್ನಡಿಯ ಹಿಂದೆ ಕ್ಯಾಮೆರಾ, ಮಳೆ ಗ್ರಹಿಸುವ ಸೆನ್ಸರ್ ಇರುವುದುಂಟು. ಅವಕ್ಕೆ ಕೈಹಾಕದೆ ಬಲ್ಲವರಿಗೆ ಒಪ್ಪಿಸಬೇಕು. ಎಲ್ಲವೂ ಬಿಗಿಯಾಗಿದ್ದೂ ನಡುಕ ನಿಲ್ಲದಿದ್ದರೆ ಎಂಜಿನ್ನನ್ನು ಹೊತ್ತ ರಬ್ಬರ್ ಮೌಂಟಿಂಗ್‌ಗಳು ಸವೆದಿರಬಹುದು. ಆಗ ಕನ್ನಡಿ ಬೇರೊಂದು ರೋಗದ ಸುಳಿವು ಕೊಡುತ್ತಿದೆ ಎಂದೇ ತಿಳಿಯಬೇಕು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿನ್ನೋಟದ ಕನ್ನಡಿ ಇರಲೇಬೇಕೆನ್ನುತ್ತವೆ. ಆದರೂ ಎಡಬದಿಯ ಹೊರಗನ್ನಡಿಯನ್ನು ನಮ್ಮಲ್ಲಿ ಬಹುಕಾಲ ಐಷಾರಾಮವೆಂದೇ ಭಾವಿಸಲಾಗಿತ್ತು. 2009ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನ್ಯಾನೋಗೂ ಮೊದಲಿಗೆ ಚಾಲಕನ ಬದಿಗಷ್ಟೇ ಹೊರಗನ್ನಡಿ ಇತ್ತು. ಅಂಥ ಹಳೆಯ ಕಾರುಗಳು ಇನ್ನೂ ರಸ್ತೆಯಲ್ಲಿವೆ. ಅವುಗಳಲ್ಲಿ ಹಿಂಬದಿಯನ್ನು ಕಾಯುವ ಹೊಣೆಯೆಲ್ಲ ಹೆಚ್ಚುಕಡಿಮೆ ಒಳಗಿನ ಕನ್ನಡಿಯದೇ.

ಗುಬ್ಬಿಯತ್ತ ಹೊರಟರೂ ಕುಣಿಗಲ್ಲಿನತ್ತ ಹೊರಟರೂ ನಮ್ಮ ಕಾರಿನ ಹಿಂದೆ ಬೆಳಗಿನ ಹೊತ್ತು ಕಾಲೇಜಿಗೆ ಹೊರಟ ಮಕ್ಕಳ ಸ್ಕೂಟರುಗಳಿರುತ್ತವೆ, ಹಾಲಿನ ಕ್ಯಾನು ಕಟ್ಟಿಕೊಂಡ ಬೈಕುಗಳಿರುತ್ತವೆ, ತೆಂಗಿನಕಾಯಿ ಹೇರಿದ ಟೆಂಪೋಗಳಿರುತ್ತವೆ. ಹಾರನ್ ಮಾಡುವಾಗ ನಾವು ಮುಂದಿನವರಿಗೆ ನಮ್ಮ ಇರವನ್ನು ಸಾರುತ್ತೇವೆ. ಹಿಂದಿನವರ ಇರವನ್ನು ನಮಗೆ ತಿಳಿಸುವುದು ಅಂಗೈ ಅಗಲದ ಈ ಗಾಜು. ಹಾರನ್ನಿಗೆ ತೋರುವ ಮುತುವರ್ಜಿಯಲ್ಲಿ ಅರ್ಧವನ್ನಾದರೂ ಅದಕ್ಕೆ ತೋರಿದರೆ, ಬಾಗಿಲು ತೆರೆಯುವ ಮುನ್ನ, ಪಥ ಬದಲಿಸುವ ಮುನ್ನ ನಮ್ಮ ಕಣ್ಣು ತಾನಾಗಿಯೇ ಮೇಲೆ ಹೋದೀತು. ಒಂದು ಸಣ್ಣ ಸ್ಕ್ರೂ ಬಿಗಿಯಲು ಹತ್ತು ನಿಮಿಷ ಸಾಕು. ಅಷ್ಟು ಹೊತ್ತನ್ನು ಕಂಡರಿಯದ ಒಬ್ಬ ಸವಾರನಿಗಾಗಿ ನಾವು ಕೊಡಲಾರೆವೇ?