ಸೀಸನ್ನಿನ ಗಾಡಿ: ನಂಬಿಕೆ ಒಂದು, ದಾರಿ ಇನ್ನೊಂದು

ಮಂಗಳೂರಿನಲ್ಲಿ ಬಾಡಿಗೆ ಗಾಡಿ ಇಟ್ಟವರಿಗೆಲ್ಲ ಸೀಸನ್ ಒಂದೇ ಸಲ ಬರುವುದಿಲ್ಲ. ದಕ್ಕೆ ಎಂಬ ಮೀನುಬಂದರಿನ ಲಾರಿಗಳಿಗೆ ಅದು ಆಗಸ್ಟ್‌ನಲ್ಲಿ ಶುರು. ಟೂರಿಸ್ಟ್ ಬಸ್ಸು, ಟೆಂಪೊ ಟ್ರಾವೆಲರ್‌ಗಳಿಗೆ ದಸರಾ, ಕ್ರಿಸ್‌ಮಸ್ ರಜೆ, ಆಮೇಲೆ ಏಪ್ರಿಲ್–ಮೇ ತಿಂಗಳ ಮದುವೆಗಳು. ಬಂದರಿನ ಹತ್ತಿರ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಟ್ರಿಪ್ ಪುಸ್ತಕ ಬರೆಯುತ್ತಿದ್ದ ವರ್ಷಗಳಲ್ಲಿ ನಾನು ದಿನವೂ ಕೇಳುತ್ತಿದ್ದ ಮಾತುಗಳು ಇಲ್ಲಿವೆ. ಕೆಲವನ್ನು ನಾನೇ ಹೇಳಿದ್ದೂ ಉಂಟು.

“ಸೀಸನ್ ಆಗಸ್ಟಿಗಲ್ವಾ, ಜುಲೈ ಕೊನೆಗೆ ಗ್ಯಾರೇಜಿಗೆ ಬಿಟ್ಟರಾಯಿತು”

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಇಷ್ಟು ಖಚಿತವಾದ ಬಿಡುವು ಬೇರೆ ಯಾವ ಧಂದೆಗೆ ಸಿಗುತ್ತದೆ? ಆದರೂ ಜುಲೈ ಕೊನೆಯ ವಾರ ಎಲ್ಲರ ಲಾರಿಯೂ ಒಂದೇ ಗ್ಯಾರೇಜಿನ ಮುಂದೆ. ಮೇಸ್ತ್ರಿಗೆ ಕೈ ಬಿಡುವಿಲ್ಲ, ಸ್ಪೇರ್ ಪಾರ್ಟ್ ಬಂದಿಲ್ಲ.

ಮೀನಿನ ಲಾರಿಯ ರೋಗವೂ ಬೇರೆ. ಕರಗಿದ ಐಸು, ಕಡಲ ಉಪ್ಪು, ಮೀನಿನ ರಕ್ತ ಸೇರಿದ ನೀರು ಸೀಸನ್ ಪೂರ್ತಿ ಚಾಸಿಸ್ ಮೇಲೆ ಇಳಿಯುತ್ತಿರುತ್ತದೆ. ಒಮ್ಮೆ ಮೇಸ್ತ್ರಿ ಗಾಡಿಯ ಅಡಿಗೆ ಮಲಗಿ ಅಡ್ಡಪಟ್ಟಿಗೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದ. ಅಂಗೈಯಗಲದ ತುಕ್ಕಿನ ಹಾಳೆ ಉದುರಿ ಅವನ ಎದೆಯ ಮೇಲೆ ಬಿತ್ತು. “ಇದು ಕಬ್ಬಿಣ ಅಲ್ಲ ಮಾರಾಯ್ರೆ, ಹಪ್ಪಳ” ಅಂದ. ಅದರ ಪಕ್ಕದಲ್ಲೇ ಬ್ರೇಕ್ ಪೈಪು ಹಾದುಹೋಗಿತ್ತು. ಮೀನು ಇಳಿಸಿದ ಮೇಲೆ ಪ್ರತಿ ಸಲ ಸಿಹಿನೀರಿನಲ್ಲಿ ಅಡಿ ತೊಳೆಯಬೇಕು. ತುಕ್ಕು ಕೆರೆದು ಬಣ್ಣ ಬಳಿಯುವ ಕೆಲಸ ಜೂನ್ ಮೊದಲ ವಾರವೇ ಹಿಡಿಯಬೇಕು. ಮೀನಿನ ನೀರು ಹಿಡಿಯುವ ಟ್ಯಾಂಕಿನ ಸೋರಿಕೆಯನ್ನೂ ಆಗಲೇ ಮುಚ್ಚಿಸುವುದು ಒಳ್ಳೆಯದು. ಆ ನೀರು ರಸ್ತೆಗೆ ಬಿದ್ದರೆ ಹಿಂದೆ ಬರುವ ಸ್ಕೂಟರಿನವನು ಜಾರುತ್ತಾನೆ.

“ಶಿರಾಡಿ ಮುಚ್ಚಿದರೆ ಚಾರ್ಮಾಡಿ ಉಂಟಲ್ಲ”

ಮೀನಿನ ಸೀಸನ್ ತೆರೆಯುವುದೇ ಮಳೆಗಾಲದ ನಡುವಿನಲ್ಲಿ, ಬೆಂಗಳೂರಿಗೆ ಹತ್ತುವ ಈ ಘಾಟಿಗಳ ಮಣ್ಣು ನೀರು ಕುಡಿದು ಮೆತ್ತಗಾಗಿರುವ ಹೊತ್ತಿಗೆ. 2018ರಲ್ಲಿ ದೋಣಿಗಳು ಕಡಲಿಗಿಳಿದು ಎರಡು ವಾರ ಆಗಿತ್ತಷ್ಟೇ, ಆಗಸ್ಟ್ ಮಧ್ಯದ ಮಳೆಗೆ ಶಿರಾಡಿಯಲ್ಲಿ ಗುಡ್ಡ ಕುಸಿಯಿತು. ಜೋಡುಪಾಲದ ಕಡೆ ಸಂಪಾಜೆ ಘಾಟಿಯ ದಾರಿಯೂ ಹೋಯಿತು. ಚಾರ್ಮಾಡಿಯ ಹಿಮ್ಮುರಿ ತಿರುವುಗಳಲ್ಲಿ ಉದ್ದದ ಲಾರಿ ತಿರುಗುವುದೇ ಕಷ್ಟ. ಭಾರಿ ವಾಹನಗಳಿಗೆ ಅಲ್ಲಿ ನಿಷೇಧ ಬಿದ್ದದ್ದು ಒಂದೆರಡು ಸಲವಲ್ಲ. ಅಂಕೋಲಾ ಸುತ್ತಿ ಹುಬ್ಬಳ್ಳಿ ಮೇಲೆ ಹೋಗೋಣವೆಂದರೆ, 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಹೆದ್ದಾರಿ 66ರ ಮೇಲೆಯೇ ಕುಳಿತಿತು. ಅದೇ ತಿಂಗಳು ಶಿರಾಡಿ ದಾರಿಯಲ್ಲೂ ಮಣ್ಣು ಜರಿಯಿತು.

ಹಾಗಾಗಿ ಆಗಸ್ಟ್‌ನಲ್ಲಿ ಎಲ್ಲ ಲಾರಿಗಳನ್ನೂ ಬೆಂಗಳೂರಿಗೆ ಒಪ್ಪಿಕೊಳ್ಳುವವನು ಧೈರ್ಯವಂತನಲ್ಲ, ಲೆಕ್ಕ ಬಾರದವನು. ಒಂದೆರಡು ಗಾಡಿ ಕಾಸರಗೋಡು, ಕೋಯಿಕ್ಕೋಡಿನ ಕಡೆ ಇರಲಿ; ಆ ದಾರಿಗೆ ಘಾಟಿ ಇಲ್ಲ. ಘಾಟಿ ಹತ್ತುವ ಗಾಡಿಗೆ ಒಂದು ಇಡೀ ದಿನದ ಹೆಚ್ಚುವರಿ ಐಸು ಹಾಕಿ. ಶಿರಾಡಿಯ ಬುಡದ ಗುಂಡ್ಯದಲ್ಲಿ ಸಾಲು ನಿಂತರೆ ಬಂಗುಡೆ ಯಾರನ್ನೂ ಕಾಯುವುದಿಲ್ಲ.

“ಬಾಟಾ ಹೆಚ್ಚು ಕೊಟ್ಟರೆ ಡ್ರೈವರ್ ಓಡಿಸ್ತಾನೆ”

ಓಡಿಸುತ್ತಾನೆ, ಸಮಸ್ಯೆಯೇ ಅದು. ಹಬ್ಬದ ದಿನಗಳಲ್ಲಿ ಕಾನೂನು ಕಣ್ಣು ಮುಚ್ಚುತ್ತದೆ ಎಂದು ಅನೇಕ ಧಣಿಗಳ ನಂಬಿಕೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಬ್ಬವನ್ನು ಮರೆತಿರಲಿಲ್ಲ, ಹೆಸರಿಟ್ಟೇ ಹೇಳಿತ್ತು: ಮಾಮೂಲಿ ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ದಾರಿಗೂ ಹಬ್ಬದ ಸಂದರ್ಭಕ್ಕೂ ಅನುಮತಿ ಪಡೆದು ಹೆಚ್ಚಿಸಬಹುದಿತ್ತು, ಆದರೆ ದಿನಕ್ಕೆ 10 ಗಂಟೆ, ವಾರಕ್ಕೆ 54 ಮೀರುವಂತಿರಲಿಲ್ಲ. ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಕೊಡಲೇಬೇಕಿತ್ತು. ಬೆಂಗಳೂರು ಸುಮಾರು 350 ಕಿ.ಮೀ. ರಾತ್ರಿ ಹೋಗಿ, ಮೀನು ಇಳಿಸಿ, ಅಂದೇ ಖಾಲಿ ಗಾಡಿಯಲ್ಲಿ ಮರಳುವವನಿಗೆ ಸಕಲೇಶಪುರದ ಇಳಿಜಾರು ಸಿಗುವುದು ನಿದ್ದೆ ಒತ್ತಿ ಬರುವ ಹೊತ್ತಿನಲ್ಲಿ. ಎರಡನೇ ಡ್ರೈವರಿನ ಸಂಬಳ ನನ್ನ ಪುಸ್ತಕದಲ್ಲಿ ಖರ್ಚಿನ ಕಡೆ ಇರುತ್ತಿತ್ತು. ಈಗ ಬರೆಯುವುದಾದರೆ ವಿಮೆಯ ಪಕ್ಕದಲ್ಲಿ ಬರೆಯುತ್ತೇನೆ.

“ಒಂದು ಟನ್ ಹೆಚ್ಚು ಹೇರಿದರೆ ಒಂದು ಟ್ರಿಪ್ ಉಳಿತಾಯ”

2019ರ ತಿದ್ದುಪಡಿಯ ನಂತರ ಅಧಿಕ ಭಾರಕ್ಕೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಹೆಚ್ಚಿನ ಸರಕನ್ನು ಅಲ್ಲೇ ಇಳಿಸಬೇಕು, ಅದೂ ನಿಮ್ಮದೇ ಖರ್ಚಿನಲ್ಲಿ. ಇಳಿಸಿದ ಸರಕು ಮೀನಾದರೆ ಉಳಿದದ್ದನ್ನು ನೀವೇ ಊಹಿಸಿ.

“ದಸರಾಕ್ಕೆ ಹೇಗೂ ಬಸ್ಸು ಖಾಲಿ ಉಂಟು, ಜನರನ್ನು ಹತ್ತಿಸಿಕೊಂಡು ಹೋದರಾಯಿತು”

ಮದುವೆ ದಿಬ್ಬಣಕ್ಕೆ ಗೊತ್ತುಮಾಡುವ ಟೂರಿಸ್ಟ್ ಬಸ್ಸು ದಸರಾಕ್ಕೂ ದಾರಿಯಲ್ಲಿ ನಿಂತು ಟಿಕೆಟ್ ಕೊಡುವಂತಿಲ್ಲ. ಬೇಕೆಂದರೆ ಸರಿಯಾದ ದಾರಿ ಇದೆ: ಜಾತ್ರೆ, ಧಾರ್ಮಿಕ ಸಮಾರಂಭ, ಸೀಸನ್ ವ್ಯಾಪಾರ ಇವುಗಳಿಗಾಗಿಯೇ ಮೋಟಾರು ವಾಹನ ಕಾಯ್ದೆಯ 87ನೇ ಸೆಕ್ಷನ್ನಿನಲ್ಲಿ ನಾಲ್ಕು ತಿಂಗಳು ಮೀರದ ತಾತ್ಕಾಲಿಕ ಪರ್ಮಿಟ್ ಇದೆ. ಅರ್ಜಿ ಮಾತ್ರ ಮೊದಲೇ ಕೊಡಬೇಕು. ಕುದ್ರೋಳಿಯ ದಸರಾ ಮೆರವಣಿಗೆ ಹೊರಡುವ ರಾತ್ರಿ ಆರ್‌ಟಿಒ ಕಚೇರಿ ತೆರೆದಿರುವುದಿಲ್ಲ.

“ಜಿಪಿಎಸ್ ಹಾಕಿಸಿದ್ದೇವೆ, ಇನ್ನೇನು ನೋಡುವುದು?”

ಜಿಪಿಎಸ್ ಗಾಡಿ ಎಲ್ಲಿದೆ ಎಂದು ಹೇಳುತ್ತದೆ, ಯಾಕಿದೆ ಎಂದು ಹೇಳುವುದಿಲ್ಲ. ಒಂದು ಆಗಸ್ಟ್ ರಾತ್ರಿ ಪರದೆಯ ಮೇಲಿನ ಕೆಂಪು ಚುಕ್ಕಿ ಗುಂಡ್ಯದಿಂದ ಎರಡು ಗಂಟೆ ಅಲುಗಲಿಲ್ಲ. ತಾಳ್ಮೆ ಕೆಟ್ಟು ಫೋನ್ ಮಾಡಿದೆ. ಎತ್ತಿದ್ದು ಕ್ಲೀನರ್ ಹುಡುಗ. “ಮರ ಬಿದ್ದಿದೆ, ತೆಗೀತಾ ಇದ್ದಾರೆ. ಅಣ್ಣ ಮಲಗಿದ್ದಾರೆ, ರಸ್ತೆ ಬಿಟ್ಟ ಮೇಲೆ ಎಬ್ಬಿಸ್ತೇನೆ” ಎಂದು ಪಿಸುದನಿಯಲ್ಲಿ ಹೇಳಿ ಇಟ್ಟುಬಿಟ್ಟ.