ತನ್ನ ಕೆಲಸವನ್ನೇ ತಪಾಸಣೆಗೆ ಒಡ್ಡಿದ ವೈದ್ಯ

ವರ್ಷಾಂತ್ಯದಲ್ಲಿ ಪುಸ್ತಕದ ಲೆಕ್ಕಕ್ಕೂ ಗೋದಾಮಿನ ದಾಸ್ತಾನಿಗೂ ತಾಳೆಯಾಗುವುದೇ ಎಂದು ನೋಡುವುದು ವ್ಯಾಪಾರದ ಕ್ರಮ. ಆದರೆ ಚೆನ್ನಾಗಿ ಮಾರಾಟವಾಗುತ್ತಿರುವ ಸರಕಿನ ಗುಣವನ್ನು ಅದರ ಮಾಲೀಕನೇ ಪರೀಕ್ಷೆಗೆ ಒಡ್ಡುವುದು ಅಪರೂಪ. ಅಂತಹ ಅಪರೂಪದ ಕೆಲಸವೊಂದು ವೈದ್ಯಕೀಯ ಕ್ಷೇತ್ರದಲ್ಲಿ ನಡೆದಿದೆ. ಅದನ್ನು ಕೈಗೊಂಡವರು ಅಮೆರಿಕದ ಮೇಯೊ ಕ್ಲಿನಿಕ್‌ನ ನರವಿಕಿರಣತಜ್ಞ ಡಾ. ಡೇವಿಡ್ ಕಾಲ್ಮ್ಸ್.

ಬೆನ್ನುಮೂಳೆಗೆ ಸಿಮೆಂಟು

ವಯಸ್ಸಾದಂತೆ ಮೂಳೆಗಳು ಸವೆದು ಟೊಳ್ಳಾಗುತ್ತವೆ. ಸಣ್ಣ ಭಾರ ಎತ್ತಿದರೂ ಬೆನ್ನುಮೂಳೆಯ ಕಶೇರು ಕುಸಿದು ತೀವ್ರ ನೋವುಂಟಾಗಬಹುದು. ಇದಕ್ಕೆ ನೀಡುವ ಚಿಕಿತ್ಸೆಗಳಲ್ಲಿ ಒಂದು ವರ್ಟೆಬ್ರೊಪ್ಲಾಸ್ಟಿ. ವೈದ್ಯರು ಎಕ್ಸ್-ರೇ ಪರದೆಯ ಮೇಲೆ ಮೂಳೆಯನ್ನು ನೋಡುತ್ತ, ಚರ್ಮದ ಮೂಲಕ ಸೂಜಿಯನ್ನು ಕಶೇರುವಿನೊಳಗೆ ಸೇರಿಸಿ, ಅಕ್ರಿಲಿಕ್ ಸಿಮೆಂಟನ್ನು ತುಂಬುತ್ತಾರೆ. ಅದು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಬೆನ್ನನ್ನು ಸೀಳುವ ಅಗತ್ಯವಿಲ್ಲ. ಆದರೆ ಸಿಮೆಂಟು ಹೊರಗೆ ಸೋರಿದರೆ ನರಗಳಿಗೆ ಅಪಾಯವಿರುವುದರಿಂದ ಪರದೆಯ ಮೇಲಿನ ಚಿತ್ರವೇ ವೈದ್ಯರಿಗೆ ದಾರಿದೀಪ.

ಫ್ರಾನ್ಸಿನ ಅಮಿಯೆನ್ ನಗರದಲ್ಲಿ ಗಾಲಿಬೇರ್ ಮತ್ತು ದೆರಮೋಂ ಎಂಬ ವೈದ್ಯರು 1984ರಲ್ಲಿ ಇದನ್ನು ಮೊದಲ ಬಾರಿಗೆ ನೆರವೇರಿಸಿ, 1987ರಲ್ಲಿ ವರದಿ ಪ್ರಕಟಿಸಿದರು. 1990ರ ದಶಕದಲ್ಲಿ ಇದು ಅಮೆರಿಕವನ್ನು ತಲುಪಿತು. ನೋವು ಇಳಿಯಿತೆಂದು ಅನೇಕ ರೋಗಿಗಳು ಹೇಳಿದರು. ಚಿಕಿತ್ಸೆ ಬೇಗನೆ ಜನಪ್ರಿಯವಾಯಿತು. ಸ್ವತಃ ಕಾಲ್ಮ್ಸ್ ಅವರೂ ಈ ಚಿಕಿತ್ಸೆಯನ್ನು ನೀಡುತ್ತಿದ್ದರು.

ಹೋಲಿಕೆಯಿಲ್ಲದ ಲಾಭ

ಆದರೆ ಒಂದು ಪ್ರಶ್ನೆ ಉಳಿದಿತ್ತು. ನೋವು ಇಳಿದದ್ದು ಸಿಮೆಂಟಿನಿಂದಲೇ, ಅಥವಾ ಕಾಲಕ್ರಮದಲ್ಲಿ ಮೂಳೆ ತಾನಾಗಿ ಕೂಡಿದ್ದರಿಂದಲೇ, ಇಲ್ಲವೇ ಚಿಕಿತ್ಸೆ ದೊರೆಯಿತೆಂಬ ನಂಬಿಕೆಯಿಂದಲೇ? ಹಬ್ಬದ ತಿಂಗಳಲ್ಲಿ ಜಾಹೀರಾತು ನೀಡಿದ ವರ್ತಕ, ಹೆಚ್ಚಿದ ಮಾರಾಟವನ್ನೆಲ್ಲ ಜಾಹೀರಾತಿನ ಖಾತೆಗೆ ಜಮಾ ಮಾಡಿದರೆ ಆಗುವ ತಪ್ಪೇ ಇಲ್ಲಿಯೂ ಆಗಬಹುದಿತ್ತು.

ಉತ್ತರಕ್ಕಾಗಿ ಕಾಲ್ಮ್ಸ್ ಮತ್ತು ಅವರ ಸಹೋದ್ಯೋಗಿಗಳು 131 ರೋಗಿಗಳನ್ನು ಅವರ ಒಪ್ಪಿಗೆ ಪಡೆದು ಎರಡು ಗುಂಪುಗಳಾಗಿ ವಿಂಗಡಿಸಿದರು. 68 ಮಂದಿಗೆ ನಿಜವಾದ ಚಿಕಿತ್ಸೆ. 63 ಮಂದಿಗೆ ಅದರ ಅನುಕರಣೆ ಮಾತ್ರ. ಎರಡನೆಯ ಗುಂಪಿಗೆ ಮರಗಟ್ಟಿಸುವ ಮದ್ದು ನೀಡಿ, ಬೆನ್ನನ್ನು ಒತ್ತಿ, ಸಿಮೆಂಟಿನ ವಾಸನೆ ಬರುವಂತೆ ಡಬ್ಬಿಯನ್ನೂ ತೆರೆಯಲಾಯಿತು. ಸಿಮೆಂಟನ್ನು ಮಾತ್ರ ತುಂಬಲಿಲ್ಲ. ತಾನು ಯಾವ ಗುಂಪಿನವನೆಂದು ರೋಗಿಗೆ ತಿಳಿದಿರಲಿಲ್ಲ.

2009ರ ಆಗಸ್ಟ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹತ್ತರ ಮಾಪನದಲ್ಲಿ 7ರ ಆಸುಪಾಸಿನಲ್ಲಿದ್ದ ನೋವು ಒಂದು ತಿಂಗಳ ನಂತರ ಸಿಮೆಂಟು ಪಡೆದವರಲ್ಲಿ 3.9ಕ್ಕೂ, ಪಡೆಯದವರಲ್ಲಿ 4.6ಕ್ಕೂ ಇಳಿದಿತ್ತು. ಇಷ್ಟು ಅಲ್ಪ ಅಂತರ ಆಕಸ್ಮಿಕವೂ ಆಗಿರಬಹುದು. ಆಸ್ಟ್ರೇಲಿಯಾದ ರೇಚೆಲ್ ಬುಕ್‌ಬೈಂಡರ್ ಅವರ ತಂಡ 78 ರೋಗಿಗಳ ಮೇಲೆ ನಡೆಸಿದ ಪ್ರತ್ಯೇಕ ಅಧ್ಯಯನವೂ ಅದೇ ಸಂಚಿಕೆಯಲ್ಲಿ ಅದೇ ತೀರ್ಮಾನವನ್ನು ನೀಡಿತು.

ಆಕ್ಷೇಪಗಳು

ತೀವ್ರ ಆಕ್ಷೇಪಗಳು ಎದ್ದವು. ರೋಗಿಗಳ ಸಂಖ್ಯೆ ಕಡಿಮೆ, ಹಳೆಯ ಮುರಿತಗಳೂ ಸೇರಿವೆ ಎಂಬ ಮಾತುಗಳಲ್ಲಿ ಸತ್ವವಿತ್ತು. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಸಿಡ್ನಿಯ ಅಧ್ಯಯನವು, ಆರು ವಾರಗಳೊಳಗಿನ ಹೊಸ ಮುರಿತಗಳಲ್ಲಿ ಪ್ರಯೋಜನವಿದೆಯೆಂದು ತೋರಿಸಿತು. 2018ರಲ್ಲಿ ನೆದರ್ಲೆಂಡ್ಸ್‌ನ 180 ರೋಗಿಗಳ ಅಧ್ಯಯನವು ಮತ್ತೆ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದಿತು. ಹೀಗಾಗಿ ಕುಸಿದ ಕಶೇರುವಿಗೆಲ್ಲ ಸಿಮೆಂಟು ಎಂಬ ಸೂತ್ರ ಸಡಿಲಗೊಂಡು, ಯಾವ ರೋಗಿಗೆ, ಯಾವಾಗ ಎಂಬ ವಿವೇಚನೆ ಮುಂದೆ ಬಂದಿದೆ.

ಹಿರಿಯರ ಬೆನ್ನುನೋವಿಗೆ ಚಿಕಿತ್ಸೆ ಕೊಡಿಸುವ ಕುಟುಂಬಗಳು ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳೂ ಇವೇ: ಮುರಿತ ಎಷ್ಟು ಹಳೆಯದು? ಚಿಕಿತ್ಸೆಯಿಲ್ಲದೆ ಕಾದರೆ ಏನಾಗುತ್ತದೆ? ಅಪಾಯಗಳೇನು?

ಉದ್ಯಮಿಗಳಿಗೂ ಇಲ್ಲೊಂದು ಪಾಠವಿದೆ. ಗ್ರಾಹಕನ ಸಂತೃಪ್ತಿಯೊಂದೇ ಸರಕಿನ ಗುಣಕ್ಕೆ ಸಾಕ್ಷಿಯಲ್ಲ. ಲೆಕ್ಕಪರಿಶೋಧನೆ ಹೊರಗಿನವರಿಂದ ಬಂದಾಗ ಅದು ಕಾನೂನಿನ ಪಾಲನೆ; ಒಳಗಿನಿಂದಲೇ ಹುಟ್ಟಿದಾಗ ಅದು ಪ್ರಾಮಾಣಿಕತೆ.