ಕೆಂಗೇರಿಯಿಂದ ಶ್ರೀರಂಗಪಟ್ಟಣಕ್ಕೆ: ಹಳೆಯ ಹೆದ್ದಾರಿಯ ತಂಗುದಾಣಗಳು

ಶಾಸನ, ಕಡತ, ನಾಣ್ಯಗಳಂತೆಯೇ ರಸ್ತೆಯೂ ಚರಿತ್ರೆಗೆ ಒಂದು ಆಧಾರ. ಆದರೆ ಅವುಗಳಿಗೆ ಸಂದಿರುವ ಪರಿಶೀಲನೆ ನಮ್ಮ ನಾಡಿನ ದಾರಿಗಳಿಗೆ ಸಂದಿಲ್ಲ. ವಿಜಯನಗರ, ಕೆಂಗೇರಿಗಳ ನಿವಾಸಿಗಳಿಗೆ ಮೈಸೂರು ರಸ್ತೆ ನಿತ್ಯಪರಿಚಿತವಾದದ್ದು. ಪರಿಚಯವು ಅತಿಯಾದುದರಿಂದಲೇ ಅದು ವಿಚಾರಕ್ಕೆ ವಸ್ತುವಾಗದೆ ಉಳಿದಿದೆ. ಈ ದಾರಿಯ ತಂಗುದಾಣಗಳು ಹೇಗೆ ಹುಟ್ಟಿದವು, ಪ್ರಯಾಣದ ಗತಿ ಬದಲಾದಂತೆ ಅವುಗಳಿಗೆ ಏನಾಯಿತು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಮೊದಲು ದೂರಗಳನ್ನು ಗಮನಿಸೋಣ. ಬೆಂಗಳೂರು ಪೇಟೆಯಿಂದ ಕೆಂಗೇರಿಗೆ ಸುಮಾರು 14 ಕಿಲೋಮೀಟರು, ಅಲ್ಲಿಂದ ಬಿಡದಿಗೆ 17, ಬಿಡದಿಯಿಂದ ರಾಮನಗರಕ್ಕೆ 16, ಚನ್ನಪಟ್ಟಣಕ್ಕೆ 12, ಮದ್ದೂರಿಗೆ 20, ಮಂಡ್ಯಕ್ಕೆ ಮತ್ತೆ 20. ಈ ಅಂತರಗಳ ಸಾಮ್ಯ ಕೇವಲ ಆಕಸ್ಮಿಕವಲ್ಲ. ಗಂಟೆಗೆ ಎರಡು ಮೈಲಿಯಂತೆ ಸಾಗುವ ಎತ್ತಿನ ಗಾಡಿ ಹಗಲಿನಲ್ಲಿ ಕ್ರಮಿಸಬಹುದಾದ ದಾರಿ ಸುಮಾರು ಇಷ್ಟೇ. ಸಂಜೆಯ ವೇಳೆಗೆ ಎತ್ತುಗಳಿಗೆ ನೀರು, ಮೇವು, ಮನುಷ್ಯರಿಗೆ ಒಂದು ಚಾವಡಿ ದೊರೆಯಬೇಕಾದಲ್ಲಿ ಊರು ಬೆಳೆಯಿತು. ‘ಬಿಡದಿ’ ಎಂಬ ಶಬ್ದಕ್ಕೆ ತಂಗುವ ಮನೆಯೆಂದೇ ಅರ್ಥವಿರುವುದನ್ನು, ಮದುವೆಯ ದಿಬ್ಬಣಕ್ಕೆ ಬಿಡದಿ ಕೊಡುವ ವಾಡಿಕೆಯನ್ನು ಬಲ್ಲ ಓದುಗರಿಗೆ ವಿವರಿಸಬೇಕಾಗಿಲ್ಲ.

ಟಿಪ್ಪು ಸುಲ್ತಾನನ ಪತನದ ಮರುವರ್ಷ, ಎಂದರೆ 1800ರ ಮೇ ತಿಂಗಳಲ್ಲಿ, ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿಯೇ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋದನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥ ದಿನಕ್ಕೊಂದು ಬೀಡಿನಂತೆ ಸಾಗುತ್ತದೆ. ಚನ್ನಪಟ್ಟಣದಲ್ಲಿ ಗಾಜಿನ ಬಳೆಗಳನ್ನೂ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗಳನ್ನೂ ಮಾಡುತ್ತಿದ್ದುದನ್ನು ಅವನು ದಾಖಲಿಸಿದ್ದಾನೆ. ತಂಗುದಾಣವು ಕೇವಲ ವಿಶ್ರಾಂತಿಸ್ಥಾನವಾಗಿರದೆ ಕಸಬಿನ ಊರೂ ಆಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ದಾರಿಯ ರಕ್ಷಣೆಗಾಗಿಯೇ ಊರನ್ನು ನೆಲೆಗೊಳಿಸಿದ ನಿದರ್ಶನವೂ ಇಲ್ಲಿಯೇ ಇದೆ. ಬೆಟ್ಟಗುಡ್ಡಗಳಿಂದ ಕೂಡಿದ ಕಾಡುಪ್ರದೇಶದಲ್ಲಿ ಹೆದ್ದಾರಿ ನಿರ್ಭಯವಾಗಿರಲೆಂದು ದಿವಾನ್ ಪೂರ್ಣಯ್ಯನವರು 1800ರಲ್ಲಿ ಕ್ಲೋಸ್‌ಪೇಟೆಯನ್ನು ಸ್ಥಾಪಿಸಿ, ಅದಕ್ಕೆ ಆಗಿನ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರನ್ನಿಟ್ಟರು. ಅದೇ ಇಂದಿನ ರಾಮನಗರ. ಊರಿನ ಹೆಸರು ಬದಲಾದರೂ ಭೂವಿಜ್ಞಾನಿಗಳು ಅಲ್ಲಿನ ಬಂಡೆಯನ್ನು ಈಗಲೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ 1804ರಲ್ಲಿ ಕಟ್ಟಿಸಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯೂ ಪೂರ್ಣಯ್ಯನವರ ಕಾಲದ್ದೇ. 1831ರಲ್ಲಿ ರಾಜ್ಯದ ಆಡಳಿತ ಕಮಿಷನರುಗಳ ವಶವಾಗಿ ಕಚೇರಿಗಳು ಬೆಂಗಳೂರಿಗೆ ಬಂದ ಮೇಲೆ, ಅರಮನೆಗೂ ಕಚೇರಿಗೂ ನಡುವಣ ಸಂಪರ್ಕಸೂತ್ರವಾಗಿ ಈ ದಾರಿಯ ಮಹತ್ವ ಇಮ್ಮಡಿಸಿತು.

1882ರಲ್ಲಿ ರೈಲು ಮೈಸೂರನ್ನು ತಲುಪಿತು. ಅದರಿಂದ ಪ್ರಯಾಣದ ಗತಿ ಮಾತ್ರವಲ್ಲ, ತಿಂಡಿಯ ಸ್ವರೂಪವೂ ಬದಲಾಯಿತು. ಮದ್ದೂರು ವಡೆಯು 1917ರಲ್ಲಿ ಆ ಊರಿನ ರೈಲುನಿಲ್ದಾಣದಲ್ಲಿ ಹುಟ್ಟಿತೆಂಬ ಪ್ರತೀತಿಯುಂಟು. ಅಕ್ಕಿಹಿಟ್ಟು, ರವೆ, ಮೈದಾಗಳಿಗೆ ಈರುಳ್ಳಿ, ಕರಿಬೇವು ಬೆರೆಸಿ ತೆಳ್ಳಗೆ ತಟ್ಟಿ ಕರಿದ ಈ ವಡೆ ಎಲೆಯನ್ನಾಗಲಿ ಸಾಂಬಾರನ್ನಾಗಲಿ ಬಯಸುವುದಿಲ್ಲ. ಗಾಡಿ ನಿಂತ ಎರಡು ನಿಮಿಷದಲ್ಲಿ ಕೊಂಡು ಕೈಯಲ್ಲಿಯೇ ಹಿಡಿದು ತಿನ್ನಬಹುದು. ಬಿಡದಿಯ ತಟ್ಟೆ ಇಡ್ಲಿಯ ಸ್ವಭಾವ ಬೇರೆ. ಬೆಣ್ಣೆ, ಚಟ್ನಿಗಳೊಡನೆ ಬಿಸಿಯಾಗಿ, ಕುಳಿತು ತಿನ್ನತಕ್ಕದ್ದು ಅದು. ವಾಹನವನ್ನು ದಾರಿಯ ಬದಿಗೆ ನಿಲ್ಲಿಸಿ ಕಾಯಬಲ್ಲ ಪ್ರಯಾಣಿಕನಿಗೆ ಒಪ್ಪುವಂಥದು. ಚನ್ನಪಟ್ಟಣದಲ್ಲಿ ಹಾಲೆಮರವನ್ನು ಚರಕಿಗೆ ಕೊಟ್ಟು ಅರಗಿನ ಬಣ್ಣವೇರಿಸಿದ ಬೊಂಬೆಗಳು ದಾರಿಬದಿಯ ಅಂಗಡಿಗಳಲ್ಲಿ ಸಾಲುಗೊಂಡದ್ದೂ ಇಂಥ ಪ್ರಯಾಣಿಕನನ್ನು ನಂಬಿಯೇ. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಜಾನಪದ ಲೋಕವನ್ನು ಹೆದ್ದಾರಿಯ ಪಕ್ಕದಲ್ಲಿಯೇ ಕಟ್ಟಿದುದರಿಂದ, ಹೋಗುವವರು ಬರುವವರು ತಾವಾಗಿಯೇ ಅದರೊಳಕ್ಕೆ ಕಾಲಿಡುವಂತಾಯಿತು.

2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ 118 ಕಿಲೋಮೀಟರುಗಳ ದಶಪಥ ಹೆದ್ದಾರಿ ಈ ವ್ಯವಸ್ಥೆಯ ಮೂಲತತ್ತ್ವವನ್ನೇ ಬದಲಿಸಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಅದು ಬಳಸಿಕೊಂಡು ಹೋಗುತ್ತದೆ. ಮದ್ದೂರನ್ನು ಮೇಲುಸೇತುವೆಯ ಮೇಲೆ ದಾಟುತ್ತದೆ. ಮೂರು ಗಂಟೆಯ ಪ್ರಯಾಣ ಸುಮಾರು ಒಂದೂವರೆ ಗಂಟೆಗೆ ಇಳಿದಿದೆ. ಊರುಗಳ ನಡುಬೀದಿಗಳಲ್ಲಿ ಲಾರಿ ಬಸ್ಸುಗಳ ಒತ್ತಡ ತಗ್ಗಿದುದು ನಿಸ್ಸಂದೇಹವಾಗಿಯೂ ಒಂದು ಲಾಭ. ಆದರೆ ಹಸಿವಾಗುವುದಕ್ಕೆ ಮುಂಚೆಯೇ ಊರು ಸೇರುವ ಪ್ರಯಾಣಿಕನಿಗೆ ತಂಗುದಾಣವೇತಕ್ಕೆ? ಬೊಂಬೆಯ ವ್ಯಾಪಾರಿಗಳೂ ಹೋಟೆಲಿನವರೂ ವ್ಯಾಪಾರ ಕುಗ್ಗಿತೆಂದು ಪತ್ರಿಕೆಗಳ ಮೂಲಕ ಹೇಳಿಕೊಂಡಿದ್ದಾರೆ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಮಾನ್ಯತಾಪತ್ರ ಗಿರಾಕಿಯನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಲಾರದು.

ಇನ್ನೊಂದು ಸಂಗತಿಯೂ ಗಮನಾರ್ಹ. 2023ರ ಆಗಸ್ಟ್ 1ರಿಂದ ದ್ವಿಚಕ್ರವಾಹನ, ಆಟೋ, ಟ್ರಾಕ್ಟರುಗಳಿಗೆ ಹೊಸ ಹೆದ್ದಾರಿಯ ಮುಖ್ಯಪಥದಲ್ಲಿ ಪ್ರವೇಶವಿಲ್ಲ. ಹೀಗಾಗಿ ಹಳೆಯ ದಾರಿ ನಿಧಾನವಾಗಿ ಹೋಗುವವರ ಪಾಲಿಗೆ ಮರಳಿ ಬಂದಿದೆ. ಅದು ಸತ್ತ ದಾರಿಯಲ್ಲ. ಅದರ ಗಿರಾಕಿ ಬದಲಾಗಿದ್ದಾನೆ, ಅಷ್ಟೆ. ಕಬ್ಬಿನ ಟ್ರಾಕ್ಟರಿನವನೂ ಪಕ್ಕದ ಹಳ್ಳಿಯ ಸ್ಕೂಟರಿನವನೂ ಚಹಾ ಕುಡಿದಾರು. ಬೊಂಬೆ ಕೊಳ್ಳುವುದು ವಿರಳ. ಉಪಾಹಾರದ ಅಂಗಡಿಗಿಂತ ಕುಶಲಕರ್ಮಿಯ ಸ್ಥಿತಿ ಹೆಚ್ಚು ಚಿಂತಾಜನಕವೆಂದು ನಾವು ಭಾವಿಸುವುದು ಈ ಕಾರಣದಿಂದ.

ಆದುದರಿಂದ ಮಾಡಬೇಕಾದ ಮೊದಲ ಕೆಲಸ ಲೆಕ್ಕ ಇಡುವುದು. ಕೆಂಗೇರಿಯಿಂದ ಮುಂದಕ್ಕೆ ಉಳಿದಿರುವ ಮೈಲಿಗಲ್ಲು, ಸಾಲುಮರ, ಸತ್ರ, ಅರವಟ್ಟಿಗೆ, ಹಳೆಯ ಹೋಟೆಲು, ಬೊಂಬೆಯಂಗಡಿ ಇವುಗಳ ಪಟ್ಟಿಯನ್ನು ಊರೂರಿಗೂ ತಯಾರಿಸಬೇಕು. ಅಂಗಡಿಯ ಹಿರಿಯರ ಹೇಳಿಕೆಗಳನ್ನು ಬರೆದಿಟ್ಟುಕೊಳ್ಳಬೇಕು. ಕೆಂಗೇರಿಯ ಆಚೆಯವರೆಗೂ ಈಗ ಮೆಟ್ರೋ ರೈಲು ಹೋಗುತ್ತದೆ. ಅಲ್ಲಿಂದ ಮುಂದೆ ಬಸ್ಸುಗಳುಂಟು. ರಜೆಯ ದಿನಗಳಲ್ಲಿ ಒಬ್ಬ ಅಧ್ಯಾಪಕರೂ ನಾಲ್ಕೈದು ಮಂದಿ ವಿದ್ಯಾರ್ಥಿಗಳೂ ಒಂದೊಂದು ಊರನ್ನು ವಹಿಸಿಕೊಂಡರೆ ಕೆಲಸ ಒಂದು ವರ್ಷದಲ್ಲಿ ಮುಗಿಯಬಲ್ಲುದು. ಹಳೆಯ ಅಂಗಡಿಗಳು ಬಾಗಿಲು ಹಾಕುವುದಕ್ಕೆ ಮುಂಚೆಯೇ ಅದು ಆರಂಭವಾಗಬೇಕು.